ಹೊಳಿಯಪ್ಪನ ಹರಿಗೋಲಿಗೆ ಮೂರು ದೀಪ

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ಕಾಸೀಮಸಾಬನಿಗೆ ಸುಮ್ಮನೆ ಉರಿಯುವ ಬಲ್ಬನ್ನು ಕಂಡರೆ ಆಗುತ್ತಿರಲಿಲ್ಲ. ಬಲ್ಬು ಎಂದ ಮೇಲೆ ಅದು ಮಿಣುಕಬೇಕು, ಇಲ್ಲವೇ ಓಡಬೇಕು, ಏನೂ ಆಗದಿದ್ದರೆ ಬಣ್ಣವನ್ನಾದರೂ ಬದಲಿಸಬೇಕು. ಮದುವೆ ಹಂದರದ ಬಾಗಿಲಿಗೆ ಅವನು ನಿಲ್ಲಿಸುತ್ತಿದ್ದ ನವಿಲು ಹಾವೇರಿಯ ತನಕ ಹೆಸರು ಮಾಡಿತ್ತು. ಪ್ಲೈವುಡ್ ಹಲಗೆಯ ತುಂಬ ಬಲ್ಬು ಚುಚ್ಚಿ ಮಾಡಿದ ನವಿಲು ಅದು; ಸ್ವಿಚ್ಚು ಒತ್ತಿದರೆ ಗರಿ ಬಿಚ್ಚುವುದು, ಬಿಟ್ಟರೆ ಮುಚ್ಚುವುದು. ಕದರಮಂಡಲಗಿಯ ಹಣಮಪ್ಪನ ಗುಡಿಗೆ ದೀಪದ ಸರ ಕಟ್ಟಿದವನೂ ಅವನೇ, ಉರುಸಿಗೆ ಕಮಾನು ಹಾಕಿದವನೂ ಅವನೇ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನವರ ತಂದೆ ತೀರಿಕೊಂಡಾಗ, ಕಾರ್ಯದ ದಿನ ಹಿರಿಯರ ಫೋಟೋದ ಮೇಲೆ ಒಂದು ಸಾದಾ ಬಲ್ಬು ಹಾಕು ಎಂದಿದ್ದರು. ಕಾಸೀಮಸಾಬನ ಕೈ ಕೇಳಲಿಲ್ಲ. ಫೋಟೋದ ಹಿಂದೆ ತಿರುಗುವ ಚಕ್ರ ಹಾಕಿದ. ತೀರಿಕೊಂಡ ಹಿರಿಯರ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ನೀಲಿಯಾಗಿ, ಒಮ್ಮೆ ಅರಿಸಿಣವಾಗಿ, ಊಟಕ್ಕೆ ಕುಳಿತವರು ತುತ್ತು ಎತ್ತುವುದನ್ನೇ ಮರೆತರು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು. ನಿಜಲಿಂಗಪ್ಪನವರು ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದರು.

ಇಂಥವನಿಗೆ ಹುಬ್ಬಳ್ಳಿಯ ಜೈತೂನಬಿ ಹೆಂಡತಿಯಾಗಿ ಬಂದಿದ್ದಳು. ಹೆಣ್ಣು ನೋಡಲು ಬಂದ ದಿನ ಅವನು ಅವಳ ಮುಖ ನೋಡಿದ್ದಕ್ಕಿಂತ ಪಡಸಾಲೆಯ ಟ್ಯೂಬ್‌ಲೈಟ್ ನೋಡಿದ್ದೇ ಹೆಚ್ಚು. ಅದು ವರ್ಷದಿಂದ ಮಿಟಿಮಿಟಿ ಅನ್ನುತ್ತಿತ್ತು. ಮನೆಯವರೆಲ್ಲ ಅದಕ್ಕೆ ಬೈಯುತ್ತಿದ್ದರು, ಇವನೊಬ್ಬ ಮಾತ್ರ ಚೆನ್ನಾಗಿದೆ ಎಂದ. ಕಾಲೇಜಿನ ಮೆಟ್ಟಿಲು ಹತ್ತಿದ್ದ ಜೈತೂನಬಿಗೆ ಅದೇ ಸೇರಿತ್ತು. ಏಕೆಂದರೆ ಅವಳು ಲೋಕದಲ್ಲಿ ಎಲ್ಲದಕ್ಕೂ ಹೆದರುವವಳು. ಯಾವುದಕ್ಕೂ ಬೇಸರಪಡದ ಗಂಡ ಸಿಕ್ಕರೆ ಒಳ್ಳೆಯದೇ ಅನ್ನಿಸಿತ್ತು.

ಮಗಳು ಹುಟ್ಟಿದ ಮೇಲಂತೂ ಅವಳ ಹೆದರಿಕೆಗೆ ಹೊತ್ತುಗೊತ್ತು ಇಲ್ಲದಾಯಿತು. ಕೂಸು ಅತ್ತರೆ ಹೊಟ್ಟೆನೋವು ಎಂದು ಹೆದರುವಳು, ಅಳದಿದ್ದರೆ ಅಳಲಿಕ್ಕೂ ತ್ರಾಣವಿಲ್ಲವೇನೋ ಎಂದು ಹೆದರುವಳು. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವಳು. ಆ ಬೆರಳು ತಾಗಿ ಕೂಸು ಎಚ್ಚೆತ್ತು ಓಣಿ ಹಾರಿಹೋಗುವಂತೆ ಕಿರುಚಿದರೆ ಮಾತ್ರ ಅವಳ ಜೀವ ತಣ್ಣಗಾಗುವುದು.

ಎಲ್ಲಕ್ಕಿಂತ ದೊಡ್ಡ ಹೆದರಿಕೆಯೆಂದರೆ ಕೂಸಿಗೆ ಇನ್ನೂ ಹೆಸರಿಲ್ಲದ್ದು. ಕಾಸೀಮಸಾಬನ ಮನೆತನದಲ್ಲಿ ಮೊಮ್ಮಗಳ ಹೆಸರನ್ನು ದಾದಿ, ಅಂದರೆ ತಂದೆಯ ತಾಯಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಹೇಳಬೇಕು. ಅಲ್ಲಿಯತನಕ ಬೇರೆ ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ. ನಲವತ್ತನೆಯ ದಿನದ ಸ್ನಾನ ಮುಗಿದು ಎಷ್ಟೋ ದಿನವಾದರೂ ಕೂಸು ಬರೀ ಕೂಸೇ. ದವಾಖಾನೆಯಲ್ಲಿ ನರ್ಸು ಹೆಸರೇನು ಎಂದು ಕೇಳಿದರೆ ಜೈತೂನಬಿ ಗಂಡನ ಹೆಸರು ಹೇಳಿ ಸುಮ್ಮನಾಗುವಳು. ಇವಳು ಎಲ್ಲಾದರೂ ಕಳೆದುಹೋದರೆ ಏನೆಂದು ಕೂಗಿ ಹುಡುಕುವುದು ಎಂದು ಅವಳಿಗೆ ಕೂತಲ್ಲಿ ನಿಂತಲ್ಲಿ ಚಿಂತೆ. ಮಗುಚಿಕೊಳ್ಳಲೂ ಬಾರದ ಕೂಸು ಎಲ್ಲಿ ಕಳೆದುಹೋದೀತು ಎಂದು ಕಾಸೀಮಸಾಬ ಕೇಳಿದರೆ, ಹಾಗೆ ಅಂದುಕೊಂಡವರ ಮಕ್ಕಳೇ ಕಳೆಯುವುದು ಎನ್ನುವಳು.

ದಾದಿ ಮೈಮುನಾಬಿ ಇದ್ದದ್ದು ಐರಣಿಯ ಎದುರಿಗೆ, ತುಂಗಭದ್ರೆಯ ಆಚೆ ದಂಡೆಯ ಊರಿನಲ್ಲಿ. ಮೊಣಕಾಲು ನೋವಿನ ಮುದುಕಿ ಈ ಕಡೆ ಬರುವ ಮಾತೇ ಇರಲಿಲ್ಲ. ಅಷ್ಟೇ ಆಗಿದ್ದರೆ ಒಂದು ಮುಂಜಾನೆ ಹೊಳೆ ದಾಟಿ ಹೋಗಿಬಂದರೆ ತೀರುತ್ತಿತ್ತು. ಆದರೆ ಮೈಮುನಾಬಿಯದು ಇನ್ನೊಂದು ಕಟ್ಟಳೆ: ಹಸುಗೂಸು ಮೊದಲ ಸಲ ಊರಿಗೆ ಬರುವಾಗ ದೀಪ ಹಚ್ಚಿದ ಮೇಲೆಯೇ ಬರಬೇಕು. ಯಾರ ಕಣ್ಣಿಗೂ ಬೀಳದಂತೆ, ಹೊಳೆಯಿಂದ ನೆಟ್ಟಗೆ ಮನೆಯೊಳಗೆ. ಇಲ್ಲದಿದ್ದರೆ ನಜರ್ ಬೀಳುತ್ತದೆ, ಕೂಸು ಸೊರಗುತ್ತದೆ. ಇದಕ್ಕೆ ಅವಳ ಹತ್ತಿರ ಸಾಕ್ಷಿಯೂ ಇತ್ತು. ತವರಿನಲ್ಲಿ ಹೆತ್ತ ಕಾಸೀಮನನ್ನು ಅವಳು ಹಾಡುಹಗಲಲ್ಲಿ ತಂದಿದ್ದಳಂತೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಒಂದೇ ಬಾಯಿಯಲ್ಲಿ ಎಷ್ಟು ದುಂಡಗಿದ್ದಾನೆ ಎಂದರಂತೆ. ಅಂದಿನಿಂದ ವೈರಿನ ಹಾಗೆ ಸಣ್ಣಗಾದವನು ಮತ್ತೆ ದುಂಡಗಾಗಲೇ ಇಲ್ಲ.

ಹರಿಹರದ ಸೇತುವೆ ಸುತ್ತಿಕೊಂಡು ಹೋಗೋಣವೆಂದರೆ ಬಸ್ಸಿನ ಮೇಲೆ ಬಸ್ಸು ಬದಲಿಸಬೇಕು. ಕೂಸಿಗೆ ಬಸ್ಸಿನ ಹೊಗೆ ತಾಗಿದರೆ ಸಾಕು, ಕುಡಿದ ಹಾಲೆಲ್ಲ ಜೈತೂನಬಿಯ ಹೆಗಲ ಮೇಲೆ. ಹೀಗಾಗಿ ಉಳಿದದ್ದು ಐರಣಿಯ ಹೊಳಿಯಪ್ಪನ ಹರಿಗೋಲು.

ಆದರೆ ಹೊಳಿಯಪ್ಪನೂ ಕತ್ತಲಾದ ಮೇಲೆ ಹರಿಗೋಲು ಬಿಡುವುದನ್ನು ನಿಲ್ಲಿಸಿದ್ದ. ಆ ವರ್ಷ ಹೊಳೆಯ ನಡುವೆ ನೀರೆತ್ತುವ ಬಾವಿ ಕಟ್ಟುವ ಕೆಲಸ ನಡೆದಿತ್ತು. ಸಿಮೆಂಟು ಸಾಗಿಸುವ ಒಂದು ಮೋಟಾರು ದೋಣಿ ಸಂಜೆಯ ತನಕ ಗುಡುಗುತ್ತ ಓಡಾಡುತ್ತಿತ್ತು. ಒಂದು ಮುಸ್ಸಂಜೆ ಅದು ಹರಿಗೋಲಿನ ಪಕ್ಕವೇ ಹಾಯ್ದು, ಮಜ್ಜಿಗೆ ಮಾರುವ ಕರೆವ್ವನ ಗಡಿಗೆ ಹೊಳೆಯ ಪಾಲಾಯಿತು. ಕೆಲಸದ ಸುಪರ್‌ವೈಸರು ಕಾರವಾರದ ಕಡೆಯವನು. ತಪ್ಪು ಹರಿಗೋಲಿನದೇ ಎಂದ. ಕತ್ತಲಲ್ಲಿ ತೇಲುವ ಯಾವ ದೋಣಿಯೇ ಆಗಲಿ, ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ, ಮೇಲೆ ಬಿಳಿ ದೀಪ ಹಚ್ಚಿಕೊಂಡಿರಬೇಕು, ಅದು ಸಮುದ್ರದ ಕಾಯಿದೆ ಎಂದ. ಇದು ಸಮುದ್ರವಲ್ಲ ಎಂದು ಹೊಳಿಯಪ್ಪ ತಿಳಿಸಿದರೂ ಅವನು ಒಪ್ಪಲಿಲ್ಲ. ತನ್ನ ಡ್ರೈವರನಿಗೂ ಅರ್ಥವಾಗುವ ಹಾಗೆ ಹೇಳಿಕೊಟ್ಟಿದ್ದ: ಎದುರಿಗೆ ಕೆಂಪು ಕಂಡರೆ ನಿಲ್ಲು, ಹಸಿರು ಕಂಡರೆ ಹೋಗು.

ದೀಪವೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಸೀಮಸಾಬ ತಾನು ಹಾಕಿಕೊಡುತ್ತೇನೆ ಎಂದು ಹೇಳಿಕಳಿಸಿದ. ಗುರುವಾರ ಸಂಜೆ ಕೂಸನ್ನು ತರುವುದಾಗಿ ತಾಯಿಗೂ ಹೇಳಿಕಳಿಸಿದ. ಆಮೇಲೆ ಹೆಂಡತಿಯನ್ನು ಕೇಳಿದ.

ಜೈತೂನಬಿ ಮೂರು ಮಾತು ತೆಗೆದುಕೊಂಡಳು. ದೀಪ ಕಟ್ಟುವುದನ್ನು ತಾನು ಕಣ್ಣಾರೆ ನೋಡಬೇಕು. ಗಾಳಿ ತುಂಬಿದ ಲಾರಿ ಟ್ಯೂಬು ಒಂದು ಜೊತೆಗಿರಬೇಕು, ಏಕೆಂದರೆ ತನಗೂ ಈಜು ಬಾರದು, ಗಂಡನಿಗೂ ಬಾರದು. ಹೊಳೆಯ ದಂಡೆಯಲ್ಲಿ ಬೆಳೆದೂ ಅವನಿಗೆ ನೀರೆಂದರೆ ಬೆವರು. ಮೂರನೆಯದನ್ನು ಅವಳು ಬೆರಳು ತೋರಿಸಿ ಹೇಳಿದಳು.

“ಮೂರs ದೀಪ. ನವಿಲು ಗಿವಿಲು ಏನೂ ತರೂಹಂಗಿಲ್ಲ.”

“ಎಲ್ಲೀ ನವಿಲು? ಹೊಳ್ಯಾಗ ನವಿಲಿಂದೇನು ಕೆಲಸ?” ಎಂದ ಕಾಸೀಮಸಾಬ. ಆ ಮಾತು ಅವನ ಬಾಯಿಂದ ಅಷ್ಟು ಲಗೂನೆ ಬಂದದ್ದೇ ಅವಳಿಗೆ ಸರಿಕಾಣಲಿಲ್ಲ.

ಬುಧವಾರ ಮಧ್ಯಾಹ್ನ ಅವರು ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ, ವೈರಿನ ಸುರುಳಿ, ಲಾರಿಯ ಹಿಂದಿನ ದೀಪದ ಕೆಂಪು ಮುಚ್ಚಳ ಎಲ್ಲ ಹೇರಿಕೊಂಡು ಐರಣಿಗೆ ಬಂದು ಇಳಿದರು. ಹಸಿರು ಮುಚ್ಚಳ ಸಿಗದೆ, ನಾಟಕದ ದೀಪಕ್ಕೆ ಸುತ್ತುವ ಹಸಿರು ಹಾಳೆಯನ್ನು ಬಲ್ಬಿಗೆ ಸುತ್ತಿದ್ದ. ಜೈತೂನಬಿ ದಂಡೆಯ ಜಾಲಿಯ ನೆರಳಿನಲ್ಲಿ ಕೂಸಿಗೆ ಉಲ್ಲನ್ ಟೋಪಿ ಹಾಕಿ ಕುಳಿತು, ಬ್ಯಾಟರಿಯ ಆಸಿಡ್ ಚೆಲ್ಲಿದರೆ ಎಷ್ಟು ದೂರ ಸಿಡಿಯುತ್ತದೆ ಎಂದು ಕೇಳಿದಳು. ಕರೆಂಟು ನೀರಿಗೆ ಇಳಿದರೆ ಮೀನಿಗೆ ಮಾತ್ರ ಹೊಡೆಯುತ್ತದೋ ಎಲ್ಲರಿಗೂ ಹೊಡೆಯುತ್ತದೋ ಎಂದು ಕೇಳಿದಳು. ಈ ಬ್ಯಾಟರಿ ಇರುವೆಗೂ ಶಾಕ್ ಕೊಡುವಷ್ಟು ಶಕ್ತಿಯದಲ್ಲ ಎಂದು ಅವನು ಎರಡೂ ತುದಿ ಹಿಡಿದು ತೋರಿಸಿದ. ಹಾಗಾದರೆ ದೀಪ ಉರಿಯುವಷ್ಟು ಶಕ್ತಿಯಾದರೂ ಇದೆಯೋ ಇಲ್ಲವೋ ಎಂದು ಅವಳು ಹೊಸದಾಗಿ ಶುರುಮಾಡಿದಳು.

ಕೆಲಸದಲ್ಲಿ ಮಾತ್ರ ಕಾಸೀಮಸಾಬ ಕಚ್ಚಾ ಅಲ್ಲ. ಹರಿಗೋಲೆಂದರೆ ಡಾಂಬರು ಬಳಿದ ತಾಡಪತ್ರಿ ಹೊದಿಸಿದ ದೊಡ್ಡ ಬಿದಿರಿನ ಬುಟ್ಟಿ. ಬ್ಯಾಟರಿಯನ್ನು ಅದರ ಸರಿ ನಡುವೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿದ, ಯಾವ ಕಡೆಗೂ ವಾಲದ ಹಾಗೆ. ವೈರಿನ ಪ್ರತಿ ಗಂಟಿಗೂ ಟೇಪು ಸುತ್ತಿ, ಮೇಲೆ ಮೇಣದಬತ್ತಿ ಕರಗಿಸಿ ಬಿಟ್ಟ, ನೀರು ನುಸುಳಬಾರದೆಂದು. ಪೆಟ್ಟಿಗೆಯ ಮೇಲೆ ಸ್ವಿಚ್ಚಿನ ಹಲಗೆ ಬಡಿದ. ಬಿಳಿ ದೀಪಕ್ಕೆ ಒಂದು ಬಿದಿರು ಗಳ ನಿಲ್ಲಿಸಿದ. ಆಮೇಲೆ ಕೆಂಪು ದೀಪವನ್ನು ಕೈಯಲ್ಲಿ ಹಿಡಿದು ಬುಟ್ಟಿಯ ಅಂಚಿನ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ನಿಂತ.

“ಕಾಕಾ, ಇದರ ಎಡಾ ಯಾವ್ದು?”

ಹೊಳಿಯಪ್ಪ ಬೀಡಿ ಬಾಯಿಂದ ತೆಗೆದು ತನ್ನ ಹರಿಗೋಲನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. “ಬುಟ್ಟಿಗೆ ಎಡಾ ಎಲ್ಲಿಂದ ತರೂದೋ ತಮ್ಮಾ. ನಮ್ಮಪ್ಪನೂ ಹೇಳಿಲ್ಲ, ನಾನೂ ಕೇಳಿಲ್ಲ.”

ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಹೊಳಿಯಪ್ಪ ಹುಟ್ಟು ಹಾಕಲು ಕೂರುವ ಜಾಗವೇ ಮುಂದು, ಅವನ ಎಡಗೈ ಕಡೆ ಕೆಂಪು, ಬಲಗೈ ಕಡೆ ಹಸಿರು ಎಂದು ಠರಾವಾಯಿತು. ಸಂಜೆ ಪರೀಕ್ಷೆಗೆ ಒಂದು ಸುತ್ತು ಬಿಡುವುದೆಂದೂ ಆಯಿತು. ಆಚೆ ದಂಡೆಯ ಹೊಲಗಳ ಮೆಣಸಿನಕಾಯಿ ನೋಡಲು ಹೊರಟಿದ್ದ ನಿಜಲಿಂಗಪ್ಪನವರೂ, ಹೊಸ ಗಡಿಗೆಯ ಜೊತೆ ಕರೆವ್ವನೂ ಹತ್ತಿದರು.

ಅಲ್ಲಿಯೇ ಜಗಳ ಹುಟ್ಟಿತು. ಇಷ್ಟು ವರ್ಷ ದುಂಡಗಿದ್ದ ಹರಿಗೋಲಿನಲ್ಲಿ ಯಾರು ಎಲ್ಲಿ ಕುಳಿತರೂ ಒಂದೇ ಆಗಿತ್ತು. ದೀಪ ಬಂದ ಕೂಡಲೇ ಅದಕ್ಕೆ ಮುಂದು ಹಿಂದು ಬಂತು. ಮುಂದು ಎಂಬುದೊಂದು ಬಂದ ಮೇಲೆ ನಿಜಲಿಂಗಪ್ಪನವರಿಗೆ ಅದೇ ಬೇಕು. ಬಸ್ಸಿನಲ್ಲೂ ಅವರು ಮುಂದೆಯೇ. ನನ್ನ ಮಜ್ಜಿಗೆ ಏನು ಪಾಪ ಮಾಡಿದೆ ಎಂದು ಕರೆವ್ವನೂ ಗಡಿಗೆ ಸಮೇತ ಮುಂದೆ ಸರಿದಳು. ಇಬ್ಬರೂ ಹೊಳಿಯಪ್ಪನ ಬಲ ಮಗ್ಗುಲಿಗೆ ಒತ್ತಿಕೊಂಡದ್ದಕ್ಕೆ ಹರಿಗೋಲು ಆ ಕಡೆಗೆ ಬಾಗಿ, ಹಸಿರು ದೀಪ ನೀರು ಕುಡಿದು ಚುಸ್ ಎಂದಿತು. ಜೈತೂನಬಿ ದಂಡೆಯಿಂದಲೇ ಕಣ್ಣು ಮುಚ್ಚಿಕೊಂಡಳು. ಕಾಸೀಮಸಾಬ ಮೊಣಕಾಲುದ್ದ ನೀರಿನಲ್ಲಿ ಒಂದು ಕೈಯಿಂದ ಅಂಚು ತಬ್ಬಿ ನಿಂತು ಹಸಿರು ಬಲ್ಬು ಬದಲಿಸಿದ.

ಹರಿಗೋಲು ಹೊರಟಿತು. ಹರಿಗೋಲಿನ ಗುಣ ಹೊಳಿಯಪ್ಪನಿಗೆ ಗೊತ್ತು, ಕಾಸೀಮಸಾಬನಿಗೂ ಗೊತ್ತು. ಆದರೆ ದೀಪದ ಸಂಭ್ರಮದಲ್ಲಿ ಇಬ್ಬರೂ ಅದನ್ನು ಮರೆತಿದ್ದರು. ಹರಿಗೋಲು ತಿರುಗುತ್ತದೆ. ತಿರುಗದೆ ಅದು ಮುಂದೆ ಹೋಗುವುದೇ ಇಲ್ಲ. ಹತ್ತು ಮಾರು ಹೋಗುವುದರೊಳಗೆ ಕೆಂಪು ಬಲಕ್ಕೆ ಬಂತು, ಹಸಿರು ಎಡಕ್ಕೆ ಹೋಯಿತು, ಮುಂದೆ ಕುಳಿತ ನಿಜಲಿಂಗಪ್ಪನವರ ಮುಖ ಐರಣಿಯ ಕಡೆ ತಿರುಗಿತು. ನಾನು ಮುಂದೆ ಕುಳಿತು ಹಿಂದಕ್ಕೆ ಹೋಗುತ್ತಿದ್ದೇನೆ ಎಂದು ಅವರು ಎದ್ದು ಆಚೆ ಬದಿಗೆ ಹೋಗಿ ಕುಳಿತರು. ಅಷ್ಟರಲ್ಲಿ ಹರಿಗೋಲು ಮತ್ತೆ ತಿರುಗಿತು. ಅವರು ಮತ್ತೆ ಎದ್ದರು. ಹೀಗೆ ಬುಟ್ಟಿಯೊಳಗೆ ಬುಟ್ಟಿಗೆ ಎದುರಾಗಿ ಸುತ್ತು ಹಾಕುತ್ತ ನಿಜಲಿಂಗಪ್ಪನವರು ಅರ್ಧ ಹೊಳೆಯನ್ನು ಕಾಲ್ನಡಿಗೆಯಲ್ಲಿಯೇ ದಾಟಿದರು.

ಎದುರಿಗೆ ಬಂದ ಮೋಟಾರು ದೋಣಿಯ ಪಾಡು ಅದಕ್ಕಿಂತ ಕಡೆ. ಕೆಂಪು ಕಂಡಿತೆಂದು ಡ್ರೈವರ್ ನಿಲ್ಲಿಸಿದ. ಹಸಿರು ಕಂಡಿತೆಂದು ಬಿಟ್ಟ. ಮತ್ತೆ ಕೆಂಪು. ನಿಲ್ಲಿಸಿದ. ಗುಡುಗುಡು, ಸ್ತಬ್ಧ, ಗುಡುಗುಡು, ಸ್ತಬ್ಧ ಎಂದು ದೋಣಿ ಬಿಕ್ಕಳಿಕೆ ಹತ್ತಿದವರ ಹಾಗೆ ಮಾಡುತ್ತಿರಲು, ಸುಪರ್‌ವೈಸರು ಎದ್ದು ನಿಂತು, ನೀವು ಬರ್ತಾ ಇದ್ದೀರೋ ಹೋಗ್ತಾ ಇದ್ದೀರೋ ಒಂದು ಹೇಳಿ ಎಂದು ಕೂಗಿದ.

“ಎರಡೂ ನಡದಾವ್ರಿ,” ಎಂದ ಹೊಳಿಯಪ್ಪ.

ಇಂಥ ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನಾಳೆ ಕತ್ತಲಲ್ಲಿ ಇದನ್ನು ಹೊಳೆಗೆ ಇಳಿಸಬೇಡಿ ಎಂದು ಹೇಳಿ ಸುಪರ್‌ವೈಸರು ಹೊರಟುಹೋದ.

ಆ ರಾತ್ರಿ ಹೊಳಿಯಪ್ಪನ ಮನೆಯ ಕಟ್ಟೆಯ ಮೇಲೆ ಕಾಸೀಮಸಾಬ ಮೋರೆ ಇಳಿಬಿಟ್ಟು ಕುಳಿತ. ಮೋರೆ ಇಳಿಬಿಟ್ಟ ಗಂಡನನ್ನು ಜೈತೂನಬಿ ಅದೇ ಮೊದಲು ನೋಡಿದ್ದು, ಅದಕ್ಕೂ ಹೆದರಿದಳು. ಮಾತಿಗೆ ಮಾತು ಎಂದು ತವರಿನ ಟಿವಿಯ ಕಥೆ ತೆಗೆದಳು. ಮಾಳಿಗೆಯ ಮೇಲೆ ಅಣ್ಣ ಆಂಟೆನಾದ ಗಳ ಹಿಡಿದು ನಿಲ್ಲುತ್ತಿದ್ದ, ಕೆಳಗೆ ಕಿಟಕಿಯಲ್ಲಿ ಇವಳು ಬಂತು, ಹೋಯ್ತು, ಬಂತು ಎಂದು ಕೂಗುತ್ತಿದ್ದಳು. ಗಾಳಿ ಎಷ್ಟು ಬೀಸಿದರೂ ಅಣ್ಣ ಗಳವನ್ನು ಧಾರವಾಡದ ಕಡೆಗೇ ಹಿಡಿದಿರುತ್ತಿದ್ದ. ಈ ಬುಟ್ಟಿಗೆ ಅಂಥ ಅಣ್ಣನನ್ನು ಎಲ್ಲಿಂದ ತರುವುದು ಎಂದು ಅವಳು ನಿಟ್ಟುಸಿರು ಬಿಡುವುದರೊಳಗೆ ಕಾಸೀಮಸಾಬ ಕಟ್ಟೆಯಿಂದ ಇಳಿದಾಗಿತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹರಿಗೋಲಿನ ನಡುವಿನ ಗಳ ಒಂದು ಡಬ್ಬಿಯೊಳಗೆ ಕುಳಿತು ಸಲೀಸಾಗಿ ತಿರುಗುತ್ತಿತ್ತು. ಗಳಕ್ಕೆ ಅಡ್ಡಪಟ್ಟಿ, ಪಟ್ಟಿಯ ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಹಸಿರು, ತುದಿಗೆ ಬಿಳಿ. ಹರಿಗೋಲು ಬೇಕಾದ ಹಾಗೆ ತಿರುಗಲಿ. ಒಬ್ಬರು ಗಳ ಹಿಡಿದು, ಆಚೆ ದಂಡೆಗೆ ಮುಖ ಮಾಡಿ, ಕೆಂಪನ್ನು ಎಡಕ್ಕೇ ಇಟ್ಟುಕೊಂಡರೆ ಆಯಿತು. ಒಂದೇ ತೊಡಕು. ಹರಿಗೋಲು ಒಂದು ಸುತ್ತು ಹಾಕಿದರೆ ವೈರು ಗಳಕ್ಕೆ ಒಂದು ಸುತ್ತು ಸುತ್ತಿಕೊಳ್ಳುತ್ತಿತ್ತು. ಅದಕ್ಕೂ ಹೊಳಿಯಪ್ಪ ಉಪಾಯ ಹೇಳಿದ: ಅರ್ಧ ಹೊಳೆ ಒಂದು ಮಗ್ಗುಲಿಗೆ ತಿರುಗಿಸುತ್ತೇನೆ, ಉಳಿದರ್ಧ ಇನ್ನೊಂದು ಮಗ್ಗುಲಿಗೆ, ಸುತ್ತಿದ್ದೆಲ್ಲ ಬಿಚ್ಚುತ್ತದೆ. ಹಗಲಿನಲ್ಲೇ ಬಂದು ನೋಡಿದ ಸುಪರ್‌ವೈಸರು ಬಹಳ ಹೊತ್ತು ಗಳ ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದನ್ನು ಕಾರವಾರದಲ್ಲೂ ಕಂಡಿಲ್ಲ, ಆದರೆ ಆಗಬಹುದು ಎಂದ.

ಗಳ ಹಿಡಿಯುವವರು ಯಾರು? ಕಾಸೀಮಸಾಬನಿಗೆ ನೀರಿನ ಮೇಲೆ ಎರಡೂ ಕೈ ಟ್ಯೂಬಿಗೇ ಬೇಕಿದ್ದವು. ಅವತ್ತೂ ಆಚೆ ಹೊರಟಿದ್ದ ನಿಜಲಿಂಗಪ್ಪನವರನ್ನು ಕೇಳಿದರೆ ಹಿಡಿಯುತ್ತಿದ್ದರೇನೋ, ಆದರೆ ಅವರ ಎಡಬಲದ ಮೇಲೆ ಜೈತೂನಬಿಗೆ ಭರವಸೆಯಿರಲಿಲ್ಲ. ಕೊನೆಗೆ ತಾನೇ ಹಿಡಿಯುತ್ತೇನೆ ಎಂದಳು. ಹತ್ತುವ ಮೊದಲು ನವಿಲಿಗಾಗಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು, ತಾಡಪತ್ರಿ ಎತ್ತಿ ನೋಡಿದಳು, ಲಾರಿ ಟ್ಯೂಬಿನ ಒಳಗೂ ನೋಡಿದಳು. ನವಿಲು ಇರಲಿಲ್ಲ. ಹರಿಗೋಲಿನ ಅಂಚಿನ ಸುತ್ತ ಗೋಣಿತಟ್ಟು ಸುತ್ತಿದ್ದು ಯಾಕೆಂದು ಕೇಳಿದ್ದಕ್ಕೆ, ಕೂಸಿಗೆ ಬಿದಿರು ಚುಚ್ಚಬಾರದಲ್ಲ ಎಂದ ಕಾಸೀಮಸಾಬ. ಜೈತೂನಬಿಗೆ ಗಂಡನ ಮೇಲೆ ಪ್ರೀತಿ ಉಕ್ಕಿ ಬಂತು.

ದೀಪ ಹಚ್ಚುವ ಹೊತ್ತಿಗೆ ಹರಿಗೋಲು ಬಿಟ್ಟಿತು. ಕೂಸನ್ನು ಜೈತೂನಬಿ ಕಪ್ಪು ಶಾಲಿನೊಳಗೆ ಎದೆಗೆ ಕಟ್ಟಿಕೊಂಡಿದ್ದಳು. ಕಾಸೀಮಸಾಬ ಟ್ಯೂಬಿನೊಳಗೆ ಕುಳಿತು ಎರಡೂ ಕೈಯಿಂದ ಅದನ್ನೇ ತಬ್ಬಿದ್ದ. ನಿಜಲಿಂಗಪ್ಪನವರು ಒಂದು ಮೆಣಸಿನಕಾಯಿ ಚೀಲದ ಮೇಲೆ ಕುಳಿತಿದ್ದರು. ಜೈತೂನಬಿ ನಡುವೆ ನಿಂತು, ಕಣ್ಣನ್ನು ಆಚೆ ದಂಡೆಗೆ ನೆಟ್ಟು ಗಳ ಹಿಡಿದಳು. ಕಾಲ ಕೆಳಗಿನ ಹರಿಗೋಲು ತಿರುಗಿದಂತೆ ತಾನೂ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಎದುರು ತಿರುಗಿದಳು. ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಬಾಯಲ್ಲಿ ಅದನ್ನೇ ಜಪಿಸುತ್ತಿದ್ದಳು. ಮೋಟಾರು ದೋಣಿ ದೂರದಿಂದ ನೋಡಿ, ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತಿತು.

ಅರ್ಧ ಹೊಳೆ ಬಂತು. ಹೊಳಿಯಪ್ಪ ತಿರುಗಿಸುವ ಮಗ್ಗುಲು ಬದಲಿಸಬೇಕಿತ್ತು. ಆದರೆ ನಿಜಲಿಂಗಪ್ಪನವರು ಈ ವರ್ಷದ ಕಾಯಿಯ ಬಣ್ಣದ ಸುದ್ದಿ ತೆಗೆದಿದ್ದರು. ಹೊಳಿಯಪ್ಪನ ಮನೆಯಲ್ಲೂ ಒಂದಿಷ್ಟು ಮೆಣಸಿನ ಗಿಡ. ಮಾತು ಒಳ್ಳೆ ರಂಗಿಗೇರಿ, ಕೈ ಮಾತ್ರ ಹಳೆಯ ಮಗ್ಗುಲಿಗೇ ಹುಟ್ಟು ಹಾಕುತ್ತ ಹೋಯಿತು. ಗಳ ಬಿಗಿಯತೊಡಗಿತು. ಜೈತೂನಬಿ ಹಲ್ಲು ಕಚ್ಚಿ ತಿರುಗಿಸಿದಳು. ಬಿಗಿದ ವೈರು ಪೆಟ್ಟಿಗೆಯ ಮೇಲಿನ ಸ್ವಿಚ್ಚಿನ ಹಲಗೆಯನ್ನು ಕಿತ್ತು ಎಳೆಯಿತು, ಎಲ್ಲೋ ಒಂದು ತುದಿ ಇನ್ನೊಂದಕ್ಕೆ ತಾಗಿತು.

ಗೋಣಿತಟ್ಟಿನ ಒಳಗಿಂದ ಹರಿಗೋಲಿನ ಅಂಚಿನ ಸುತ್ತ ಸಣ್ಣ ಸಣ್ಣ ದೀಪಗಳು ಹತ್ತಿಕೊಂಡವು. ಕೆಂಪು, ನೀಲಿ, ಅರಿಸಿಣ. ಹತ್ತಿಕೊಂಡದ್ದಷ್ಟೇ ಅಲ್ಲ, ಒಂದರ ಹಿಂದೆ ಒಂದು ಓಡತೊಡಗಿದವು. ದೀಪ ಒಂದು ಮಗ್ಗುಲಿಗೆ ಓಡಿದರೆ ಹರಿಗೋಲು ಇನ್ನೊಂದು ಮಗ್ಗುಲಿಗೆ ತಿರುಗುತ್ತಿತ್ತು. ನೀರಿನಲ್ಲಿ ಅದರ ನೆರಳೂ ತಿರುಗುತ್ತಿತ್ತು.

ಜೈತೂನಬಿ ಗಂಡನ ಕಡೆ ನೋಡಿದಳು. ಟ್ಯೂಬಿನೊಳಗಿಂದ ಕಾಸೀಮಸಾಬ ಮೆಲ್ಲಗೆ ಹೇಳಿದ.

“ಅಂಚು ಭಾಳ ಬೋಳು ಕಾಣಾಕತ್ತಿತ್ತು.”

ಮೋಟಾರು ದೋಣಿಯ ಡ್ರೈವರನಿಗೆ ಇಷ್ಟು ಬಣ್ಣಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಎಂಜಿನ್ ಆರಿಸಿ ಕೈಕಟ್ಟಿ ಕುಳಿತ. ಆಚೆ ದಂಡೆಯಲ್ಲಿ ಮೊದಲು ಒಂದು ನಾಯಿ ಬೊಗಳಿತು. ಆಮೇಲೆ ಒಬ್ಬ ಬಂದ, ನಾಲ್ವರು ಬಂದರು, ಆಮೇಲೆ ಊರೇ ಬಂತು. ಚುನಾವಣೆಯವರು ಬಂದರೆಂದು ಕೆಲವರು, ಯಾರದೋ ಮದುವೆ ದಿಬ್ಬಣವೆಂದು ಕೆಲವರು. ಒಬ್ಬ ಅಜ್ಜ ನೀರಿಗೆ ಕೈಮುಗಿದು ಗಲ್ಲ ಗಲ್ಲ ಬಡಿದುಕೊಂಡ. ಈ ಎಲ್ಲರ ನಡುವೆ ಮೈಮುನಾಬಿ, ಮೊಮ್ಮಗಳನ್ನು ಗುಟ್ಟಾಗಿ ಒಳಗೆ ಕರೆದೊಯ್ಯಲು ಬತ್ತಿ ಇಳಿಸಿದ ಲಾಟೀನನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

ಹರಿಗೋಲು ದಂಡೆಗೆ ತಾಗಿತು. ಮೈಮುನಾಬಿ ಮಗನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ಕಾಸ್ಯಾ, ಯಾರಿಗೂ ಕಾಣಧಂಗ ತಾ ಅಂದಿದ್ನಿ.”

ಕಾಸೀಮಸಾಬ ಟ್ಯೂಬಿನಿಂದ ಹೊರಬರಲು ಒದ್ದಾಡುತ್ತಿದ್ದ. ಜೈತೂನಬಿ ಸುತ್ತ ನೋಡಿದಳು. ಊರಿನ ಅಷ್ಟೂ ಕಣ್ಣು ಇಲ್ಲಿವೆ. ಶಾಲು ಜಾರಿದರೆ, ಕೂಸು ಕಿಟ್ಟನೆ ಕಿರುಚಿದರೆ, ಯಾರೋ ಒಬ್ಬರು ದುಂಡಗಿದೆ ಎಂದುಬಿಟ್ಟರೆ? ಅತ್ತೆ ಸಿಟ್ಟಿನಲ್ಲಿ ಹೆಸರು ಇಡುವುದಿಲ್ಲ ಎಂದು ತಿರುಗಿ ಹೋದರೆ? ಅವಳು ಕೂಸನ್ನು ಅವುಚಿಕೊಂಡು ಜನರ ನಡುವೆ ತಲೆ ತಗ್ಗಿಸಿ ನುಗ್ಗಿದಳು. ಶಾಲು ಜಾರಿಯೇ ಬಿಟ್ಟಿತು. ಉಲ್ಲನ್ ಟೋಪಿಯ ಕೂಸಿನ ಮುಖ ಬಣ್ಣಬಣ್ಣದ ಬೆಳಕಿನಲ್ಲಿ ಎಲ್ಲರ ಎದುರಿಗೆ ಬಂತು. ಎದುರಿಗಿದ್ದ ಹೆಂಗಸೊಬ್ಬಳು ಜೈತೂನಬಿಯ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದಳು.

“ಸ್ವಲ್ಪ ಸರೀಯವ್ವಾ, ಹರಗೋಲ ಕಾಣವಲ್ದು.”

ಇನ್ನೊಬ್ಬಳು ಕೂಸಿನ ತಲೆಯ ಮೇಲಿಂದ ಕತ್ತು ಚಾಚಿದಳು. ಮತ್ತೊಬ್ಬ ಗೃಹಸ್ಥ, ಕೂಸನ್ನು ಸ್ವಲ್ಪ ಕೆಳಗೆ ಹಿಡಿಯಲು ಆಗುತ್ತದೆಯೇ ಎಂದು ಕೇಳಿದ. ಇಡೀ ದಂಡೆಯಲ್ಲಿ ಕೂಸಿನ ಮುಖ ನೋಡಿದವರು ಒಬ್ಬರೂ ಇರಲಿಲ್ಲ.

ಮೈಮುನಾಬಿ ಇದನ್ನೆಲ್ಲ ನೋಡುತ್ತ ನಿಂತಿದ್ದವಳು ಸೆರಗಿನೊಳಗಿನ ಲಾಟೀನನ್ನು ಹೊರಗೆ ತೆಗೆದಳು. ಅವಳ ಹುಬ್ಬು ಇಳಿಯಿತು. ನಜರ್ ಪೂರಾ ಬುಟ್ಟಿಯ ಮೇಲೆ ಹೋಗಿದೆ, ಕೂಸಿಗೆ ಒಂದು ಚೂರೂ ತಾಗಿಲ್ಲ ಎಂದಳು. ಅದನ್ನು ಕೇಳಿ ಹೊಳಿಯಪ್ಪನ ಮುಖ ಬಾಡಿತು. ಹಾಗಾದರೆ ನನ್ನ ಹರಿಗೋಲಿನ ಗತಿ ಏನು, ನಾಳೆ ತೂತು ಬಿದ್ದರೆ ಯಾರು ಹೊಣೆ ಎಂದು ಅವನು ಅಲ್ಲಿಯೇ ಕುಕ್ಕರಿಸಿದ. ಇವನನ್ನು ಸಮಾಧಾನ ಮಾಡದೆ ಮನೆಗೆ ಹೋಗುವಂತಿರಲಿಲ್ಲ. ನಿಜಲಿಂಗಪ್ಪನವರ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು, ಯಾರದೋ ಮನೆಯಿಂದ ಉಪ್ಪು, ಕೆಂಡ ತರಿಸಿ, ಮೈಮುನಾಬಿ ಮೊಣಕಾಲು ನೋವಿನಲ್ಲೇ ಹರಿಗೋಲಿನ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಎಲ್ಲರೂ ಮೂಗು ಮುಂದೆ ಮಾಡಿ ಕಾದರು. ಕೆಮ್ಮು ಯಾರಿಗೂ ಬರಲಿಲ್ಲ.

“ಘಾಟs ಇಲ್ಲ ನೋಡ್ರಿ. ನಜರ್ ಭಾಳ ಜಬರ್ದಸ್ತ್ ಬಿದ್ದೈತಿ,” ಎಂದಳು ಮೈಮುನಾಬಿ.

ನಿಜಲಿಂಗಪ್ಪನವರು ಮುಂದೆ ಬಂದರು. “ಅದು ಬ್ಯಾಡಗಿ ಕಾಯಿ ಐತಿ ಬೇ. ಅದರಾಗ ಘಾಟ ಬಂದಿದ್ರ ನಾ ಇವತ್ತs ವ್ಯಾಪಾರ ಬಿಡತಿದ್ನಿ.”

ನಜರಿನಿಂದ ಘಾಟು ಹೋಯಿತೋ, ಕಾಯಿಯಲ್ಲೇ ಇರಲಿಲ್ಲವೋ ಎಂದು ದಂಡೆಯಲ್ಲಿ ಎರಡು ಪಂಗಡವಾಯಿತು. ಆ ಗದ್ದಲದಲ್ಲಿ ಬ್ಯಾಟರಿಯ ಶಕ್ತಿ ತೀರಿ ಹರಿಗೋಲಿನ ದೀಪಗಳು ಒಂದೊಂದಾಗಿ ಮಂಕಾದವು. ಮೈಮುನಾಬಿ ಸೊಸೆಯ ಮೊಣಕೈ ಹಿಡಿದು, ನಡಿ ಬೇಟಿ ಎಂದು ಲಾಟೀನಿನ ಬೆಳಕಿನಲ್ಲಿ ಮನೆಯ ಕಡೆ ನಡೆದಳು. ಹಿಂದೆ ಯಾರೂ ಬರಲಿಲ್ಲ. ಕಾಸೀಮಸಾಬ ಮಾತ್ರ ಒದ್ದೆ ಲುಂಗಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದ.

ಒಳಗೆ ಚಾಪೆಯ ಮೇಲೆ ಮೈಮುನಾಬಿ ಕಾಲು ಚಾಚಿ ಕುಳಿತು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಉಲ್ಲನ್ ಟೋಪಿಯನ್ನು ತೆಗೆದು ಪಕ್ಕಕ್ಕೆ ಒಗೆದಳು. ಜೈತೂನಬಿ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಮುದುಕಿ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು, ಇನ್ನೊಂದು ಕಿವಿಗೂ ಹೇಳಿದಳು. ಹಾಜಿರಾಬಿ. ಅದು ಮೈಮುನಾಬಿಯ ತಾಯಿಯ ಹೆಸರು.

ಜೈತೂನಬಿ ಆ ಹೆಸರನ್ನು ತುಟಿಯೊಳಗೇ ಒಂದು ಸಲ ಅಂದು ನೋಡಿದಳು. ಕೂಗಲಿಕ್ಕೆ ಬರುತ್ತದೆಯೇ ಎಂದು ಇನ್ನೊಂದು ಸಲ ಜೋರಾಗಿಯೇ ಅಂದಳು. ಕೂಸು ಅವಳ ಕಡೆ ಕಣ್ಣು ಹೊರಳಿಸಿ, ಒಂದು ಗಳಿಗೆ ಮೈ ಬಿಗಿಹಿಡಿದು, ದಾದಿಯ ಹಬ್ಬದ ಸೀರೆ ತೋಯುವಂತೆ ಉಚ್ಚೆ ಹೊಯ್ದಿತು.

ಜೈತೂನಬಿ ಗಾಬರಿಯಿಂದ ಕೈ ಚಾಚಿದಳು. ಮೈಮುನಾಬಿ ಆ ಕೈಯನ್ನು ಆಚೆ ತಳ್ಳಿದಳು.

“ಇರ್ಲಿ ಬಿಡು, ಹೆಸರು ಒಪ್ಪಿಗೀ ಆತು,” ಎಂದು ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.